ಪಂಪ್ ನಿಲ್ಲಿಸಿದ ಮೇಲೆ ಸಿಕ್ಕ ಲೆಕ್ಕ

ಅಂತರ್ಜಲ ಪರೀಕ್ಷೆಯ ತಂಡಕ್ಕೆ ಸಹಾಯಕನಾಗಿ ಸೇರಿದಾಗ ನನಗೆ ಮೊದಲು ಕೊಟ್ಟ ಕೆಲಸ ಬೋರ್‌ವೆಲ್ ಹತ್ತಿರ ಇರಲಿಲ್ಲ, ಮೇಜಿನ ಮೇಲಿತ್ತು. ಎರಡು ಗಾಜಿನ ಜಾಡಿಗಳು. ಒಂದರಲ್ಲಿ ಒಣಗಿದ ದಪ್ಪ ಮರಳು, ಇನ್ನೊಂದರಲ್ಲಿ ಒಣಗಿಸಿ ಪುಡಿ ಮಾಡಿದ ಜೇಡಿಮಣ್ಣು. ಎರಡಕ್ಕೂ ತಳದಲ್ಲಿ ನಲ್ಲಿ, ನಲ್ಲಿಯ ಒಳಬಾಯಿಗೆ ಸಣ್ಣ ಜಾಲರಿ. ಅಳೆದ ನೀರನ್ನು ತಳದಿಂದಲೇ ನಿಧಾನವಾಗಿ ಏರಿಸಬೇಕು. ಮೇಲಿನಿಂದ ಸುರಿದರೆ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ಅಲ್ಲಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಲೆಕ್ಕ ಕೆಡುತ್ತದೆ. ಮೇಲ್ಮೈ ಮಿರುಗಿತೋ, ನಿಲ್ಲಿಸಿ ಬರೆದುಕೊಳ್ಳುವುದು. ಆಮೇಲೆ ನಲ್ಲಿ ಬಿಟ್ಟು, ಹೊರಗೆ ಬಂದದ್ದನ್ನು ಅಳೆಯುವುದು.

ಒಂದು ಲೀಟರ್ ಮರಳು ಸುಮಾರು 350 ಮಿಲಿಲೀಟರ್ ನೀರು ಕುಡಿಯಿತು. ನಲ್ಲಿ ಬಿಟ್ಟಾಗ ಅದರಲ್ಲಿ 250ರಷ್ಟು ಸರಾಗವಾಗಿ ಇಳಿಯಿತು. ಮಿಕ್ಕ 100 ಮರಳಿನಲ್ಲೇ ಉಳಿಯಿತು. ಜಾಡಿ ಅಲುಗಿಸಿದರೂ ಬರಲಿಲ್ಲ, ಇಡೀ ರಾತ್ರಿ ಬಿಟ್ಟರೂ ಬರಲಿಲ್ಲ. ಜೇಡಿಯದ್ದು ಬೇರೆಯೇ ಸ್ವಭಾವ. ನೀರು ಏರಲಿಕ್ಕೇ ಗಂಟೆಗಟ್ಟಲೆ ಹಿಡಿಯಿತು, ಮಣ್ಣು ಉಬ್ಬಿಕೊಂಡು ಜಾಡಿಯ ಕಂಠಕ್ಕೆ ಬಂತು, ಕೊನೆಗೆ ನೋಡಿದರೆ ಮರಳಿಗಿಂತ ಬಹಳ ಹೆಚ್ಚು ನೀರು ಒಳಗೆ ಹೋಗಿತ್ತು. ನಲ್ಲಿ ಬಿಟ್ಟರೆ ಬಂದದ್ದು ಕೆಲವು ಹನಿ.

ಕಣ ಸಣ್ಣದಾದಷ್ಟೂ ಅದರ ಒಟ್ಟು ಮೈ ದೊಡ್ಡದಾಗುತ್ತದೆ. ಆ ಮೈಗೆಲ್ಲ ನೀರಿನ ತೆಳುಪೊರೆ ಅಂಟಿಕೊಳ್ಳುತ್ತದೆ, ಗುರುತ್ವಾಕರ್ಷಣೆಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಸಾಲದು. ಹಾಗಾಗಿ ಜೇಡಿಯ ಸರಂಧ್ರತೆ, ಅಂದರೆ ಒಟ್ಟು ಗಾತ್ರದಲ್ಲಿ ಸಂದಿಗಳ ಪಾಲು, ಶೇ. 40ರಿಂದ 70ರವರೆಗೆ ಇದ್ದರೂ ಅದು ತಾನಾಗಿ ಬಿಟ್ಟುಕೊಡುವುದು ಶೇ. 2–3 ಮಾತ್ರ. ದಪ್ಪ ಮರಳಿನ ಸರಂಧ್ರತೆ ಅದಕ್ಕಿಂತ ಕಡಿಮೆ, ಆದರೆ ಬಿಟ್ಟುಕೊಡುವುದು ಶೇ. 25ರ ಆಸುಪಾಸು. ಹೀಗೆ ಬಿಟ್ಟುಕೊಡುವ ಪಾಲಿಗೆ ತಂಡದಲ್ಲಿ ಎಲ್ಲರೂ ಸ್ಪೆಸಿಫಿಕ್ ಯೀಲ್ಡ್ ಎನ್ನುತ್ತಿದ್ದರು. ಮುಂದೆ ಬೋರ್‌ವೆಲ್ ಪಕ್ಕ ನಿಂತು ಮಾಡಿದ ಎಲ್ಲ ವಾದಗಳೂ ಕೊನೆಗೆ ಈ ಎರಡು ಜಾಡಿಗಳ ಹತ್ತಿರವೇ ಬಂದು ನಿಲ್ಲುತ್ತಿದ್ದವು.

ಅದೇ ಮೇಜಿನ ಮೇಲೆ ಇನ್ನೊಂದು ಪ್ರಯೋಗವೂ ಆಯಿತು. ಅದನ್ನು ಮೊದಲು ಮಾಡಿದವನು ಹೆನ್ರಿ ಡಾರ್ಸಿ. ಫ್ರಾನ್ಸಿನ ಡಿಜೋನ್ ನಗರದ ನೀರು ಸರಬರಾಜಿನ ಎಂಜಿನಿಯರ್. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಕಂಡುಕೊಂಡದ್ದನ್ನು 1856ರಲ್ಲಿ ಪ್ರಕಟಿಸಿದ. ನಾವೂ ಮರಳಿನ ಕೊಳವೆಯ ಎರಡೂ ಕಡೆ ನೀರಿನ ಮಟ್ಟ ನೋಡುತ್ತ ಕುಳಿತೆವು. ಮಟ್ಟಗಳ ವ್ಯತ್ಯಾಸ ಎರಡು ಪಟ್ಟು ಮಾಡಿದರೆ ಹರಿವೂ ಎರಡು ಪಟ್ಟು. ಕೊಳವೆ ಉದ್ದ ಎರಡು ಪಟ್ಟು ಮಾಡಿದರೆ ಹರಿವು ಅರ್ಧ. ನಿಯಮ ಇಷ್ಟು ಸರಳ. ಆದರೆ ಅದರಲ್ಲಿ ಬರುವ ಒಂದು ಗುಣಾಂಕ, ಅಂದರೆ ಆ ವಸ್ತು ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎನ್ನುವ ಅಂಕಿ, ಜಲ್ಲಿಗೂ ಜೇಡಿಗೂ ಹತ್ತು ಲಕ್ಷ ಪಟ್ಟಿಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ.

ವೇಗದ ಲೆಕ್ಕವನ್ನೂ ಆವತ್ತೇ ಹಾಕಿದೆವು. ಒಳ್ಳೆಯ ಮರಳು ಪದರ, ಗುಣಾಂಕ ದಿನಕ್ಕೆ 10 ಮೀಟರ್. ನೀರಿನ ಮಟ್ಟ 500 ಮೀಟರ್ ದೂರಕ್ಕೆ 1 ಮೀಟರ್ ಇಳಿಜಾರು. ಸರಂಧ್ರತೆ ಕಾಲು ಪಾಲು. ಬಂದ ಉತ್ತರ ದಿನಕ್ಕೆ 8 ಸೆಂ.ಮೀ., ವರ್ಷಕ್ಕೆ 29 ಮೀಟರ್. ನೆಲದಡಿ ನದಿ ಹರಿಯುತ್ತದೆ ಎಂದು ಮಾತನಾಡುವವರಿಗೆ ಈ ಅಂಕಿ ತೋರಿಸಬೇಕು. ಸುಣ್ಣಕಲ್ಲು ಕರಗಿ ಗವಿಗಳಾದ ಕಡೆ ನಿಜವಾಗಿ ತೊರೆಗಳಿವೆ, ಒಪ್ಪೋಣ. ಉಳಿದ ಬಹುಪಾಲು ಜಾಗದಲ್ಲಿ ನೀರು ಕಣದಿಂದ ಕಣಕ್ಕೆ, ಸಂದಿಯಿಂದ ಸಂದಿಗೆ ಜಿನುಗುತ್ತದೆ.

ನಮ್ಮ ಪರೀಕ್ಷೆಯ ಜಾಗದಲ್ಲಿ ಮಾತ್ರ ಮರಳು ಪದರವೇ ಇರಲಿಲ್ಲ. ಗ್ರಾನೈಟ್ ಮತ್ತು ನೀಸ್, ಗಟ್ಟಿ ಶಿಲೆ. ಇಂಥ ಬಂಡೆಯ ಸರಂಧ್ರತೆ ತಾಜಾ ಸ್ಥಿತಿಯಲ್ಲಿ ಶೇ. 1ಕ್ಕಿಂತ ಕಡಿಮೆ. ಅಲ್ಲಿ ನೀರು ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊರೆಯುವಾಗ ಸಿಗುತ್ತ ಹೋಯಿತು.

ರಿಗ್ ಬಂದ ದಿನ ನನ್ನ ಕೆಲಸ ಕೊರೆತದ ಪುಡಿ ಹಿಡಿಯುವುದು. ಪ್ರತಿ 3 ಮೀಟರಿಗೆ ಒಂದು ಗುಡ್ಡೆ, ಸಾಲಾಗಿ, ಪಕ್ಕದಲ್ಲಿ ಆಳದ ಚೀಟಿ. ಮೊದಲ ಗುಡ್ಡೆ ಬರೀ ಕೆಂಪು ಮಣ್ಣು. ಅದರ ನಂತರದವು ಶಿಥಿಲ ಬಂಡೆಯವು, ಕೊರೆಯುವ ಹುಡುಗರು ಮೊರಂ ಎನ್ನುವ ಪದರ. ಅದನ್ನು ಬೆರಳಲ್ಲಿ ಉಜ್ಜಿ ನೋಡಿದರೆ ಕಲ್ಲಿನ ಕಥೆಯೆಲ್ಲ ಸಿಗುತ್ತದೆ. ಬಿಳಿ ಹಿಟ್ಟಿನಂತೆ ಜಾರುವುದು ಫೆಲ್ಡ್‌ಸ್ಪಾರ್ ಕೊಳೆತು ಆದ ಜೇಡಿ. ಗರಗರ ಎನ್ನುವುದು ಕೊಳೆಯದೆ ಉಳಿದ ಬೆಣಚಿನ ಹರಳು. ಬೆರಳಿಗೆ ಮೆತ್ತಿಕೊಂಡು ಹೊನ್ನಿನ ಬಣ್ಣಕ್ಕೆ ಹೊಳೆಯುವುದು ಅಭ್ರಕ. ಜಾಡಿಯ ಮರಳೂ ಜೇಡಿಯೂ ಇಲ್ಲಿ ಒಂದಾಗಿ ಬೆರೆತಿವೆ. ನೀರು ಹಿಡಿಯುವುದು ಬೇಕಾದಷ್ಟು, ಬಿಟ್ಟುಕೊಡುವುದು ಸಾಮಾನ್ಯವಾಗಿ ಶೇ. 1ರಿಂದ 3.

ಸುಮಾರು 18 ಮೀಟರಿಗೆ ಮೊರಂ ಮುಗಿದು ಗಟ್ಟಿ ಬಂಡೆ ಸಿಕ್ಕಿತು. ಕೇಸಿಂಗ್ ಇಳಿಸಿ ಮುಂದುವರಿಸಿದರು. ಅಲ್ಲಿಂದ ಕೆಳಗೆ ಬಂದದ್ದೆಲ್ಲ ಬೂದಿ ಬಣ್ಣದ ಒಣ ಧೂಳು. ಬಟ್ಟೆ, ಕಣ್ಣುರೆಪ್ಪೆ, ನೋಟ್‌ಬುಕ್ ಎಲ್ಲ ಒಂದೇ ಬಣ್ಣವಾಯಿತು. ಗುಡ್ಡೆಗಳು ಒಂದರಂತೆ ಇನ್ನೊಂದು. 52 ಮೀಟರ್ ಹತ್ತಿರ ಸುತ್ತಿಗೆಯ ಸದ್ದು ತಟ್ಟನೆ ಬದಲಾಯಿತು, ರಾಡು ಒಂದು ಗೇಣು ಜಾರಿದಂತೆ ಕೆಳಗಿಳಿಯಿತು, ಧೂಳಿನ ಜಾಗದಲ್ಲಿ ಮೊದಲು ಕೆಸರು, ಆಮೇಲೆ ನೀರು ಚಿಮ್ಮಿತು. ಎಲ್ಲರೂ ನೀರು ನೋಡುತ್ತಿದ್ದರೆ ನಮ್ಮ ಹಿರಿಯ ಭೂವಿಜ್ಞಾನಿ ಮೇಡಂ ಬಗ್ಗಿ ಕಲ್ಲಿನ ಚೂರು ಆರಿಸುತ್ತಿದ್ದರು. ಒಂದನ್ನು ನನ್ನ ಅಂಗೈ ಮೇಲಿಟ್ಟರು. ಮೂರು ಮುಖ ಹೊಸದಾಗಿ ಒಡೆದದ್ದು, ಬೂದು. ನಾಲ್ಕನೆಯ ಮುಖ ಚಪ್ಪಟೆ, ತುಕ್ಕಿನ ಬಣ್ಣ.

“ಈ ಮುಖ ಸುತ್ತಿಗೆ ಒಡೆದದ್ದಲ್ಲ. ಇದರ ಮೇಲೆ ನೀರು ಓಡಾಡಿ ಎಷ್ಟೋ ಕಾಲವಾಗಿದೆ, ಕಲ್ಲಿನಲ್ಲಿದ್ದ ಕಬ್ಬಿಣ ತುಕ್ಕು ಹಿಡಿದಿದೆ. ಬಿರುಕು ಬಾಯಿ ತೆರೆದಿದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ.”

ಬಿರುಕಿನ ಬಾಯಿ ಎಂದರೆ ಮಿಲಿಮೀಟರುಗಳ ಮಾತು. ಆದರೆ ಅದರಲ್ಲಿ ಹರಿಯುವ ನೀರು ಬಾಯಿಯ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. 1 ಮಿ.ಮೀ. ಬಿರುಕು 2 ಮಿ.ಮೀ. ಆದರೆ ಹರಿವು ಎಂಟು ಪಟ್ಟು. ಪಕ್ಕಪಕ್ಕದ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಉಕ್ಕಿ ಇನ್ನೊಂದು ಒಣಗಿರುವುದಕ್ಕೆ ಅದೃಷ್ಟವನ್ನು ಹಳಿಯಬೇಕಿಲ್ಲ, ಈ ಘನವೇ ಸಾಕು. ಆಳಕ್ಕೆ ಹೋದಷ್ಟೂ ಮೇಲಿನ ಬಂಡೆಯ ಭಾರಕ್ಕೆ ಬಿರುಕುಗಳ ಬಾಯಿ ಬಿಗಿದುಕೊಳ್ಳುವುದೂ ಅಷ್ಟೇ ನಿಜ. ಆದ್ದರಿಂದ ಇನ್ನೂ ಕೊರೆಯಿರಿ, ಇನ್ನೂ ಕೊರೆಯಿರಿ ಎನ್ನುವ ಹಟಕ್ಕೆ ಗಟ್ಟಿ ಶಿಲೆಯಲ್ಲಿ ಫಲ ಕಡಿಮೆ.

ಚಿಮ್ಮಿದ ನೀರನ್ನು ಕಾಲುವೆ ಮಾಡಿ, ಹರಿವು ಅಳೆಯುವ ವಿ-ನಾಚ್ ಹಲಗೆಯ ಮೇಲೆ ಹರಿಸಿದೆವು. ಲಂಬಕೋನದ ಕಚ್ಚು, ಅದರ ತಳದಿಂದ ನೀರಿನ ಎತ್ತರ 10 ಸೆಂ.ಮೀ. ಅಂದರೆ ಸೆಕೆಂಡಿಗೆ ಸುಮಾರು 4.4 ಲೀಟರ್. ರಿಗ್‌ನವರಿಗೆ ಖುಷಿಯೋ ಖುಷಿ. ಮೇಡಂ ಮಾತ್ರ ನೋಟ್‌ಬುಕ್ಕಿನಲ್ಲಿ ನನ್ನಿಂದ ಎರಡು ಗುಣಾಕಾರ ಮಾಡಿಸಿದರು. 1 ಮಿ.ಮೀ. ಬಾಯಿಯ ಬಿರುಕು ಒಂದು ಹೆಕ್ಟೇರ್ ಹರಡಿದ್ದರೆ ಅದರಲ್ಲಿ ತುಂಬಿರುವ ನೀರು ಎಷ್ಟು? 10 ಘನ ಮೀಟರ್, ಅಂದರೆ 10,000 ಲೀಟರ್. ಸೆಕೆಂಡಿಗೆ 2 ಲೀಟರಿನಂತೆ ತೆಗೆದರೂ ಒಂದೂವರೆ ಗಂಟೆಯೊಳಗೆ ಖಾಲಿ. ಅದೇ ಹೆಕ್ಟೇರಿನಲ್ಲಿ ಮೊರಂ ಪದರ 10 ಮೀಟರ್ ದಪ್ಪಕ್ಕೆ ನೆನೆದಿದ್ದು, ಶೇ. 2 ಬಿಟ್ಟುಕೊಟ್ಟರೆ? 2,000 ಘನ ಮೀಟರ್, 20 ಲಕ್ಷ ಲೀಟರ್. ಇನ್ನೂರು ಪಟ್ಟು. ಗಟ್ಟಿ ಶಿಲೆಯ ನಾಡಿನಲ್ಲಿ ಬಿರುಕು ಬರೀ ಓಣಿ, ದಾಸ್ತಾನು ಮೇಲಿನ ಕೊಳೆತ ಪದರದಲ್ಲಿ. ಮೊದಲ ದಿನದ ಚಿಮ್ಮುವಿಕೆ ಹೇಳುವುದು ಓಣಿ ಎಷ್ಟು ಅಗಲ ಎಂದಷ್ಟೇ. ಹಿಂದೆ ದಾಸ್ತಾನಿದೆಯೇ, ಅಲ್ಲಿಂದ ಇಲ್ಲಿಗೆ ದಾರಿಯಿದೆಯೇ ಎಂದು ತಿಳಿಯಲು ಪಂಪ್ ಹಾಕಿ ಬಹಳ ಹೊತ್ತು ನೀರು ಎತ್ತಿ ನೋಡಬೇಕು.

ಅದಕ್ಕೂ ಮೊದಲು ಸುಮ್ಮನೆ ಕಾಯುವ ಕೆಲಸವಿತ್ತು. ಬಿರುಕು ಸಿಕ್ಕಿದ್ದು 52 ಮೀಟರಿನಲ್ಲಿ, ನೀರು ಮೇಲೇರಿ ನಿಂತದ್ದು ನೆಲದಿಂದ 9 ಮೀಟರ್ ಆಳದಲ್ಲಿ. ಬಿರುಕಿನ ನೀರು ಒತ್ತಡದಲ್ಲಿದೆ ಎಂದರ್ಥ. ನಿಂತ ಮಟ್ಟ ಸ್ಥಿರವಾಗಿದೆಯೇ ಎಂದು ಟೇಪ್ ಇಳಿಸಿ ನೋಡುತ್ತಿರಬೇಕು. ಟೇಪಿನ ತುದಿ ನೀರು ಮುಟ್ಟಿದರೆ ಮೇಲೆ ಬೀಪ್ ಎನ್ನುತ್ತದೆ. ಯಾರೂ ಒಂದು ಹನಿ ಎತ್ತದಿದ್ದರೂ ಮಟ್ಟ ಕೆಲವು ಸೆಂಟಿಮೀಟರ್ ಮೇಲೆ ಕೆಳಗೆ ಆಡುತ್ತಿತ್ತು, ಅದೂ ದಿನಕ್ಕೆ ಎರಡು ಸಲ. ಗಾಳಿಯ ಒತ್ತಡದ ಏರಿಳಿತ ಅದು. ಗಾಳಿಯ ಒತ್ತಡ ಏರಿದರೆ ತೆರೆದ ಬಾವಿಯ ನೀರಿನ ಮೇಲೆ ಪೂರ್ತಿ ಭಾರ ಬೀಳುತ್ತದೆ, ಬಂಡೆಯೊಳಗಿನ ನೀರಿಗೆ ಆ ಭಾರದ ಒಂದು ಪಾಲನ್ನು ಬಂಡೆಯೇ ಹೊತ್ತುಕೊಳ್ಳುತ್ತದೆ, ಹಾಗಾಗಿ ಬಾವಿಯ ಮಟ್ಟ ಇಳಿಯುತ್ತದೆ. ರೈಲು ಬಂದರೆ ಇದಕ್ಕೆ ತದ್ವಿರುದ್ಧ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಹಳಿ ಪಕ್ಕದ ಬಾವಿಯೊಂದರಲ್ಲಿ ರೈಲು ಬಂದಾಗಲೆಲ್ಲ ನೀರು ಮೇಲೇರುತ್ತಿದ್ದುದನ್ನು ಜೇಕಬ್ ಎಂಬ ಜಲವಿಜ್ಞಾನಿ 1939ರಲ್ಲಿ ವರದಿ ಮಾಡಿದ್ದಾನೆ. ರೈಲಿನ ಭಾರಕ್ಕೆ ನೆಲ ಅಷ್ಟಿಷ್ಟು ಅದುಮಿಕೊಂಡು ನೀರನ್ನು ಒತ್ತುತ್ತಿತ್ತು. ಇದು ತಮಾಷೆಯ ವಿಷಯವಾಗಿ ಕಂಡರೂ ಮುಂದೆ ಬರುವ ಮಾತಿಗೆ ಕೀಲಿಕೈ. ಒತ್ತಡದಲ್ಲಿರುವ ಪದರ ನೀರು ಕೊಡುವಾಗ ಸಂದಿಗಳು ಖಾಲಿಯಾಗುವುದೇ ಇಲ್ಲ. ಒತ್ತಡ ಇಳಿದಾಗ ನೀರು ತುಸು ಹಿಗ್ಗುತ್ತದೆ, ಪದರ ತುಸು ಕುಗ್ಗುತ್ತದೆ, ಅಷ್ಟೇ ನೀರು ಹೊರಬರುತ್ತದೆ. ಪದರ ಜೇಡಿಯದ್ದಾಗಿದ್ದು ಎತ್ತುವುದು ವಿಪರೀತವಾದರೆ ಈ ಕುಗ್ಗುವಿಕೆ ಮತ್ತೆ ಸರಿಹೋಗದು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1925ರಿಂದ 1977ರೊಳಗೆ ನೆಲವೇ ಒಂದು ಕಡೆ ಸುಮಾರು 9 ಮೀಟರ್ ಕುಸಿದದ್ದು ಹೀಗೆ.

ಪಂಪಿಂಗ್ ಪರೀಕ್ಷೆ ಬೆಳಿಗ್ಗೆ ಶುರುವಾಯಿತು. ಗೇಟ್ ವಾಲ್ವ್ ತಿರುಗಿಸಿ ಸೆಕೆಂಡಿಗೆ 2 ಲೀಟರಿಗೆ ನಿಲ್ಲಿಸಿದೆವು. ಎತ್ತಿದ ನೀರು ಅಲ್ಲೇ ಇಂಗಿ ಮತ್ತೆ ಒಳಗೆ ಸೇರದಂತೆ ಪೈಪಿನಲ್ಲಿ ದೂರ ಸಾಗಿಸಿದೆವು. ಮೊದಲು ನಿಮಿಷಕ್ಕೊಂದು ಅಳತೆ, ಆಮೇಲೆ ಐದಕ್ಕೊಂದು, ಹತ್ತಕ್ಕೊಂದು, ಕೊನೆಗೆ ಗಂಟೆಗೊಂದು. ಮೊದಲ ಕೆಲವು ನಿಮಿಷಗಳ ಇಳಿತ ಕಂಡು ಗಾಬರಿಯಾಗಬೇಕಿಲ್ಲ. ಆರೂವರೆ ಇಂಚಿನ ಬೋರ್‌ವೆಲ್ಲಿನ ಒಂದು ಮೀಟರ್ ಉದ್ದದಲ್ಲಿ 21 ಲೀಟರ್ ನೀರು ನಿಂತಿರುತ್ತದೆ, ಪಂಪ್ ಮೊದಲು ಅದನ್ನೇ ಕುಡಿಯುತ್ತದೆ. ಬಂಡೆಯ ಮಾತು ಆಮೇಲಿನದು.

ಸುತ್ತ ನೋಡಿಕೊಳ್ಳಲು ಬೇರೆ ಬಾವಿಗಳಿದ್ದವು. ಹತ್ತಿರದ ಬೋರ್‌ವೆಲ್ 40 ಮೀಟರ್ ದೂರದಲ್ಲಿತ್ತು, ಅದರಲ್ಲಿ ಏನೂ ಆಗಲಿಲ್ಲ. 90 ಮೀಟರ್ ದೂರದ ಇನ್ನೊಂದರಲ್ಲಿ ಕೆಲವೇ ನಿಮಿಷಗಳಲ್ಲಿ ಮಟ್ಟ ಇಳಿಯತೊಡಗಿತು. ಬಿರುಕು ಹೋದ ದಿಕ್ಕಿನಲ್ಲಿ ಅದು ಕೂತಿತ್ತು, ಹತ್ತಿರದ್ದು ಆ ದಾರಿಯಿಂದ ಹೊರಗಿತ್ತು. ಬರೀ ಮೊರಂ ಪದರದಲ್ಲೇ ಮುಗಿಯುವ ತೆರೆದ ಬಾವಿಯೂ ಪಕ್ಕದಲ್ಲೇ ಇತ್ತು, ಸಂಜೆಯವರೆಗೆ ಅದು ಮಿಸುಕಾಡಲಿಲ್ಲ.

90 ಮೀಟರ್ ದೂರದಲ್ಲಿ ಇಳಿಯಿತು ಎಂದರೆ ಅಲ್ಲಿನ ನೀರು ಇಷ್ಟರಲ್ಲೇ ಇಲ್ಲಿಗೆ ಬಂತೆಂದಲ್ಲ. ಒತ್ತಡ ಇಳಿದ ಸುದ್ದಿ ಅಲ್ಲಿಗೆ ತಲುಪಿತು, ಅಷ್ಟೇ. ನೀರು ಬರಲು ಅದರ ಎಷ್ಟೋ ಪಟ್ಟು ಸಮಯ ಹಿಡಿಯುತ್ತದೆ. ಅಂತರ್ಜಲದ ಬಗ್ಗೆ ನಡೆಯುವ ಅರ್ಧ ಜಗಳ ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ ಬರುತ್ತದೆ ಎಂಬುದು ನನ್ನ ಅನಿಸಿಕೆ. ನನ್ನ ಬಾವಿಯ ನೀರನ್ನು ಅವರು ಎಳೆದುಕೊಂಡರು ಎನ್ನುವವನು ಕಂಡದ್ದು ಸುಳ್ಳಲ್ಲ. ಆದರೆ ಎಳೆದದ್ದು ಮೊದಲಿಗೆ ನೀರನ್ನಲ್ಲ, ನೀರನ್ನು ಎತ್ತಿ ಹಿಡಿದಿದ್ದ ಒತ್ತಡವನ್ನು.

ಅಳತೆಗಳನ್ನು ಲಾಗ್ ಹಾಳೆಯ ಮೇಲೆ ಗುರುತಿಸುತ್ತ ಹೋದೆ. ಅಡ್ಡಕ್ಕೆ ಸಮಯ, ಹತ್ತು ಪಟ್ಟುಗಳ ಲೆಕ್ಕದಲ್ಲಿ. ಉದ್ದಕ್ಕೆ ಇಳಿತ. ಚುಕ್ಕಿಗಳು ಸಾಲಾಗಿ ಒಂದು ಗೆರೆ ಹಿಡಿದವು. ಸಮಯ ಹತ್ತು ಪಟ್ಟಾದಾಗ ಇಳಿತ 3 ಮೀಟರ್ ಹೆಚ್ಚುತ್ತಿತ್ತು. ಅದರಿಂದ ಬಂಡೆಯ ಸಾಗಣೆ ಸಾಮರ್ಥ್ಯ, ಅಂದರೆ ಡಾರ್ಸಿಯ ಗುಣಾಂಕವನ್ನು ಪದರದ ದಪ್ಪದಿಂದ ಗುಣಿಸಿದ ಅಂಕಿ, ದಿನಕ್ಕೆ ಸುಮಾರು 10 ಚದರ ಮೀಟರ್ ಎಂದು ಬಂತು, ಗಟ್ಟಿ ಶಿಲೆಗೆ ಪರವಾಗಿಲ್ಲ ಎನ್ನುವಂಥದ್ದು. ಈ ಗೆರೆಯ ವಿಧಾನ ಕೂಪರ್ ಮತ್ತು ಅದೇ ರೈಲಿನ ಜೇಕಬ್ 1946ರಲ್ಲಿ ಕೊಟ್ಟದ್ದು. ಅದಕ್ಕೆ ಅಡಿಪಾಯ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಚಾರ್ಲ್ಸ್ ಥೈಸ್ 1935ರಲ್ಲಿ ಹಾಕಿದ ಸಮೀಕರಣ. ನೀರು ಬಾವಿಯತ್ತ ಸರಿಯುವುದೂ ಲೋಹದಲ್ಲಿ ಶಾಖ ಸರಿಯುವುದೂ ಗಣಿತಕ್ಕೆ ಒಂದೇ ಎಂದು ಅವನಿಗೆ ಹೊಳೆಯಿತು, ಗಣಿತಕ್ಕೆ ಗೆಳೆಯ ಕ್ಲಾರೆನ್ಸ್ ಲೂಬಿನ್ ನೆರವಾದ. ಅದಕ್ಕೂ ಮುಂಚೆ ಎಲ್ಲರೂ ಬಾವಿಯ ಮಟ್ಟ ಸ್ಥಿರವಾಗುವವರೆಗೆ ಕಾದು ಲೆಕ್ಕ ಹಾಕುತ್ತಿದ್ದರು. ಸ್ಥಿರವಾಗದಿರುವುದರಲ್ಲೇ ದಾಸ್ತಾನಿನ ಸುಳಿವಿದೆ ಎಂದು ತೋರಿಸಿದವನು ಥೈಸ್.

ಮಧ್ಯಾಹ್ನ ಕಳೆದ ಮೇಲೆ ಗೆರೆ ಕೆಳಕ್ಕೆ ಮುರಿಯಿತು. ಇಳಿಜಾರು ಹೆಚ್ಚುಕಡಿಮೆ ಎರಡು ಪಟ್ಟು. ಮೇಡಂ ಹಾಳೆ ನೋಡಿ ಎದ್ದು ನಿಂತು, ಆಚೆ ಸಾಲಾಗಿ ನಿಂತಿದ್ದ ಕಪ್ಪು ಗುಂಡುಕಲ್ಲುಗಳತ್ತ ಕೈ ಮಾಡಿದರು. ಡಾಲರೈಟ್ ಡೈಕ್, ಗ್ರಾನೈಟನ್ನು ಸೀಳಿ ಗೋಡೆಯಂತೆ ನಿಂತ ಕಪ್ಪು ಶಿಲೆ. ಇಳಿತ ಹರಡುತ್ತ ಹರಡುತ್ತ ಅದನ್ನು ಮುಟ್ಟಿತ್ತು. ಆ ಕಡೆಯಿಂದ ನೀರಿಲ್ಲ, ಎಲ್ಲವೂ ಉಳಿದರ್ಧದಿಂದಲೇ ಬರಬೇಕು, ಇಳಿಜಾರು ಇಮ್ಮಡಿಯಾಯಿತು. ನೆಲದಡಿ ಇರುವ ಗೋಡೆಯನ್ನು ಟೇಪಿನ ಬೀಪ್‌ನಲ್ಲಿ ಕಂಡುಹಿಡಿಯಬಹುದು ಎನ್ನುವುದು ಆ ಗಳಿಗೆಯವರೆಗೆ ನನಗೆ ಬರೀ ಓದಿನ ವಿಷಯವಾಗಿತ್ತು.

ನಡುರಾತ್ರಿ ದಾಟಿದ ಮೇಲೆ ತೆರೆದ ಬಾವಿ ಮಿಸುಕಿತು. ಕೆಲವೇ ಮಿಲಿಮೀಟರ್. ಟಾರ್ಚ್ ಹಿಡಿದು ಮತ್ತೆ ಮತ್ತೆ ಅಳೆದು ಖಾತ್ರಿ ಮಾಡಿಕೊಂಡೆವು. ಅತ್ತ ಬೋರ್‌ವೆಲ್ಲಿನ ಗೆರೆ ತುಸು ಸಮತಟ್ಟಾಗತೊಡಗಿತ್ತು. ಮೊರಂ ಪದರ ತನ್ನ ನೀರನ್ನು ಕೆಳಗಿನ ಬಿರುಕಿಗೆ ಬಿಟ್ಟುಕೊಡಲು ಶುರುಮಾಡಿತ್ತು. ಚಿಮ್ಮಿದ ನೀರಿಗಿಂತ ಈ ಕೆಲವು ಮಿಲಿಮೀಟರಿಗೆ ಮೇಡಂ ಹೆಚ್ಚು ಖುಷಿಪಟ್ಟರು.

ಮರುದಿನ ಪಂಪ್ ನಿಲ್ಲಿಸಿದೆವು. ನೋಡಲು ಬಂದಿದ್ದವರೆಲ್ಲ ಹೊರಟುಹೋದರು, ಅವರ ಪಾಲಿಗೆ ಪರೀಕ್ಷೆ ಮುಗಿದಿತ್ತು. ನಿಜಕ್ಕೂ ನಂಬಬಹುದಾದ ಅಂಕಿಗಳು ಅಲ್ಲಿಂದ ಮುಂದೆ ಬರುತ್ತವೆ. ಪಂಪಿನ ಏರುಪೇರಿಲ್ಲ, ವಾಲ್ವ್ ಗೊಂದಲವಿಲ್ಲ, ಬಂಡೆ ತನ್ನಷ್ಟಕ್ಕೆ ತಾನು ಚೇತರಿಸಿಕೊಳ್ಳುತ್ತದೆ. ನಾವು ಮತ್ತೆ ನಿಮಿಷಕ್ಕೊಂದು ಅಳತೆಯಿಂದ ಶುರುಮಾಡಿದೆವು. ಮಟ್ಟ ಮೊದಲು ಸರ್ರನೆ ಏರಿತು, ಬಿರುಕಿನಲ್ಲಿ ಒತ್ತಡ ಮರಳಿತು. ಆಮೇಲೆ ನಿಧಾನ, ಆಮೇಲೆ ಇನ್ನೂ ನಿಧಾನ. ಎತ್ತಿದಷ್ಟೇ ಹೊತ್ತು ಕಾದರೂ ಮಟ್ಟ ಮೊದಲಿದ್ದ ಜಾಗಕ್ಕಿಂತ 60 ಸೆಂ.ಮೀ. ಕೆಳಗೇ ತೆವಳುತ್ತಿತ್ತು. ಓಣಿ ಚೆನ್ನಾಗಿದೆ, ದಾಸ್ತಾನಿಗೆ ಮಿತಿಯಿದೆ, ದಾಸ್ತಾನಿನಿಂದ ಓಣಿಗೆ ಇಳಿಯುವ ದಾರಿ ಇನ್ನೂ ಇಕ್ಕಟ್ಟು. ಕೊರೆದ ದಿನದ 4.4 ಲೀಟರ್ ಎಲ್ಲಿ, ಸೆಕೆಂಡಿಗೆ ಇಷ್ಟು ಎತ್ತಬಹುದು ಎಂದು ವರದಿಯಲ್ಲಿ ನಾವು ಬರೆದ 1.2 ಲೀಟರ್ ಎಲ್ಲಿ. ಜೊತೆಗೆ ಒಂದು ಷರತ್ತು: ಮಟ್ಟ ಯಾವ ಕಾರಣಕ್ಕೂ 52 ಮೀಟರಿನ ಬಿರುಕಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಬಿರುಕಿಗೆ ಗಾಳಿ ಹೊಗುತ್ತದೆ, ನೀರಿನಲ್ಲಿ ಕರಗಿದ ಕಬ್ಬಿಣ ತುಕ್ಕಾಗಿ ಬಾಯಿಗೆ ಕಟ್ಟಿಕೊಳ್ಳುತ್ತದೆ. ಘನದ ಲೆಕ್ಕ ಇಲ್ಲಿ ತಿರುಗಿಬೀಳುತ್ತದೆ, ಬಾಯಿ ಅರ್ಧವಾದರೆ ಹರಿವು ಎಂಟನೇ ಒಂದು.

ತೆರೆದ ಬಾವಿಯಲ್ಲಿ ಮಟ್ಟ ದಾಖಲಿಸುವ ಯಂತ್ರ ಇಟ್ಟು ಬಂದೆವು. ಮಳೆ ಶುರುವಾಯಿತು, ಬಾವಿ ಏರಲಿಲ್ಲ. ಮಣ್ಣು ಕೊರೆಯುವ ಆಗರ್ ಹಾಕಿ ನೋಡಿದರೆ ಮೊಣಕೈ ಆಳದವರೆಗೆ ಒದ್ದೆ, ಅದರ ಕೆಳಗೆ ಒಣಕಲು. ಒಣಗಿದ ಮಣ್ಣು ಮೊದಲು ತನ್ನ ಕಣಗಳ ಮೈಗೆ ಬೇಕಾದ ಪೊರೆಯನ್ನು ಕಟ್ಟಿಕೊಳ್ಳುತ್ತದೆ, ಜಾಡಿಯಲ್ಲಿ ಉಳಿದ ಆ 100 ಮಿಲಿಲೀಟರಿನ ಪಾಲನ್ನು. ಅದು ತುಂಬುವವರೆಗೆ ಕೆಳಗೆ ಕೊಡುವುದು ತೀರಾ ಕಡಿಮೆ, ನಡುವೆ ಗಿಡಗಳ ಬೇರೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಬಿಡದೆ ಮಳೆ ಹಿಡಿದ ಮೇಲೆ ಬಾವಿ ಏರಿತು, ಒಟ್ಟು ಅರ್ಧ ಮೀಟರ್. ನೋಡಿದವರಿಗೆ ಅದು ದೊಡ್ಡ ಏರಿಕೆ. ಶೇ. 2 ಬಿಟ್ಟುಕೊಡುವ ಪದರದಲ್ಲಿ ಅರ್ಧ ಮೀಟರ್ ಎಂದರೆ ಇಂಗಿದ್ದು 10 ಮಿ.ಮೀ. ನೀರು ಮಾತ್ರ. ಅಷ್ಟೇ ನೀರು ದಪ್ಪ ಮರಳಿಗೆ ಇಂಗಿದ್ದರೆ ಬಾವಿ 4 ಸೆಂ.ಮೀ. ಏರುತ್ತಿತ್ತು. ಬಾವಿ ಎಷ್ಟು ಏರಿತು ಎಂದಷ್ಟೇ ಹೇಳಿ ಯಾವ ಪದರದಲ್ಲಿ ಎಂದು ಹೇಳದವರ ಅಂಕಿಯಿಂದ ಏನೂ ತಿಳಿಯುವುದಿಲ್ಲ.

10 ಮಿ.ಮೀ. ಎಂದರೆ ಹೆಕ್ಟೇರಿಗೆ ಒಂದು ಲಕ್ಷ ಲೀಟರ್. ಸೆಕೆಂಡಿಗೆ 1.2 ಲೀಟರಿನಂತೆ ಎತ್ತಿದರೆ ಅದು 23 ಗಂಟೆಯ ನೀರು. ಹಾಗಾಗಿ ವರದಿಗೆ ಇನ್ನೊಂದು ಪುಟ ಸೇರಿಸಿದೆವು. ಪಂಪ್ ದಿನಕ್ಕೆ ಎಷ್ಟು ಗಂಟೆ ಓಡಬೇಕು ಎನ್ನುವುದನ್ನು ಬೋರ್‌ವೆಲ್ಲಿನ ಮಟ್ಟ ನೋಡಿ ತೀರ್ಮಾನಿಸುವುದು ಬೇಡ, ಮಳೆಗಾಲ ಮುಗಿದಾಗ ತೆರೆದ ಬಾವಿಯ ಮಟ್ಟ ಎಲ್ಲಿದೆಯೋ ಅದರ ಮೇಲೆ ಆಯಾ ವರ್ಷದ ಗಂಟೆಗಳನ್ನು ಗೊತ್ತುಮಾಡಿ ಎಂದು.